1521ಕ್ಕೇ ನಿಲ್ಲಿಸಬೇಡ

ಪ್ರೀತಿಯ ತಂಗಿ,

ಈಗಿನ ಮೆಕ್ಸಿಕೊದಲ್ಲಿರುವ ತ್ಲಾಸ್ಕಾಲಾ ನಾಡಿನ ಬಗ್ಗೆ ನೀನು ಬರೆದದ್ದನ್ನು ನಿಧಾನವಾಗಿ ಓದಿದೆ. ಯುದ್ಧದ ಭಾಗ ಚೆನ್ನಾಗಿದೆ. ಆದರೆ ಅಜ್ಟೆಕರ ವಿರುದ್ಧ ಸ್ಪೇನಿನವರ ಜೊತೆ ಸೇರಿದ್ದಕ್ಕೆ ಆ ಜನರನ್ನು ದ್ರೋಹಿಗಳು ಅಂತ ಕರೆದು ಮುಂದೆ ಹೋಗಿದ್ದೀಯ. ಅಲ್ಲಿ ನನ್ನ ತಕರಾರಿದೆ.

ಅವರು ಯಾರಿಗೆ ದ್ರೋಹ ಮಾಡಿದರು? ಈಗಿನ ಮೆಕ್ಸಿಕೊ ದೇಶ ಆಗ ಇರಲೇ ಇಲ್ಲ ಅಲ್ವಾ? ತೆಪೆತಿಕ್ಪಾಕ್, ಒಕೊತೆಲುಲ್ಕೊ, ತಿಸಾತ್ಲಾನ್, ಕಿಯಾವಿಸ್ತ್ಲಾನ್ ಎಂಬ ನಾಲ್ಕು ಅರಸೊತ್ತಿಗೆಗಳು ಕೂಡಿ ಆದ ನಾಡು ಅದು. ಅಜ್ಟೆಕರೂ ಇವರಂತೆ ನಹುವಾ ಜನಾಂಗದವರೇ, ಆಡುವ ಮಾತೂ ಒಂದೇ. ಆದರೂ ಸುತ್ತಲಿನ ನಾಡುಗಳನ್ನು ಗೆದ್ದುಕೊಂಡು ಇವರ ವ್ಯಾಪಾರದ ದಾರಿ ಕಟ್ಟಿಹಾಕಿದ್ದರು. ಉಪ್ಪು, ಹತ್ತಿ ಬರುವುದು ನಿಂತುಹೋಗಿತ್ತು. ಉಪ್ಪಿಲ್ಲದ ಊಟ ಉಂಡವರ ಸಿಟ್ಟನ್ನು ಮೊದಲು ಬರಿ. 1519ರಲ್ಲಿ ಸ್ಪೇನಿನ ದಂಡನಾಯಕ ಕೊರ್ಟೆಸ್ ಬಂದಾಗ ತ್ಲಾಸ್ಕಾಲಾದವರು ಸುಮ್ನೆ ಬರಮಾಡಿಕೊಳ್ಳಲಿಲ್ಲ. ಮೊದಲು ಕಾದಾಡಿದರು, ಆಮೇಲೆ ಕೈಜೋಡಿಸಿದರು. ಅವರಲ್ಲೇ ಒಮ್ಮತ ಇರಲಿಲ್ಲ. ಅವರ ನಾಯಕರಲ್ಲಿ ಮಾಶಿಶ್ಕಾತ್ಸಿನ್ ಸ್ನೇಹದ ಪರ, ಕಿರಿಯ ಶಿಕೊತೆನ್ಕಾತ್ಲ್ ವಿರುದ್ಧ. ಮೊದಲನೆಯವನು 1520ರಲ್ಲಿ ಸ್ಪೇನಿನವರ ಜೊತೆ ಬಂದ ಸಿಡುಬಿಗೆ ಸತ್ತ. ಎರಡನೆಯವನನ್ನು 1521ರಲ್ಲಿ ಕೊರ್ಟೆಸ್ ಗಲ್ಲಿಗೇರಿಸಿದ. ಈ ಇಬ್ಬರಿಗೂ ನಿನ್ನ ಬರಹದಲ್ಲಿ ಜಾಗ ಬೇಕು.

1521ರಲ್ಲಿ ಅಜ್ಟೆಕರ ರಾಜಧಾನಿ ತೆನೊಚ್ಟಿಟ್ಲಾನ್ ಬಿದ್ದಕೂಡಲೇ ನೀನು ಪೆನ್ನು ಕೆಳಗಿಟ್ಟಿದ್ದೀಯ. ನನಗೆ ಜಾಸ್ತಿ ಬೇಜಾರಾದದ್ದು ಇದಕ್ಕೇ. ನಿಜವಾದ ಕಥೆ ಆಮೇಲಿನದು. ತ್ಲಾಸ್ಕಾಲಾ ಯಾವ ಸ್ಪೇನಿನ ಧಣಿಯ ಪಾಲಿಗೂ ಹೋಗಲಿಲ್ಲ, ನೇರವಾಗಿ ಸ್ಪೇನಿನ ರಾಜನ ಕೈಕೆಳಗೆ ಉಳಿಯಿತು. ಹಾಗಂತ ಕಪ್ಪ ತಪ್ಪಲಿಲ್ಲ: ವರ್ಷಕ್ಕೆ 8,000 ಫನೇಗಾ (ಸ್ಪೇನಿನವರ ಧಾನ್ಯದ ಅಳತೆ) ಮುಸುಕಿನ ಜೋಳ ಅಳೆಯಬೇಕಿತ್ತು. ಅಲ್ಲಿನ ನಗರಸಭೆಯಲ್ಲಿ ಕೂತವರು ಅಲ್ಲಿಯ ಕುಲೀನರೇ. ನಡಾವಳಿಯನ್ನು ತಮ್ಮ ನಹುವಾಟ್ಲ್ ಭಾಷೆಯಲ್ಲೇ, ಹೊಸದಾಗಿ ಕಲಿತ ರೋಮನ್ ಲಿಪಿಯಲ್ಲಿ ಬರೆಸಿದರು. ಆ ಪುಟಗಳನ್ನು ಓದು. 1553ರಲ್ಲಿ ಅವರು ಚರ್ಚಿಸಿದ್ದು ಕಳ್ಳಿಯ ಮೇಲೆ ಬೆಳೆಯುವ ಕೊಚಿನಿಲ್ ಹುಳದ ಬಗ್ಗೆ. ಅದರಿಂದ ಕೆಂಪು ಬಣ್ಣ ತೆಗೆಯುತ್ತಿದ್ದರು, ಒಳ್ಳೆಯ ಬೆಲೆ ಇತ್ತು. ಜನ ಜೋಳ ಬಿಟ್ಟು ಹುಳ ಸಾಕುತ್ತಿದ್ದಾರೆ, ಊಟಕ್ಕೂ ಸಂತೆಯನ್ನೇ ನೆಚ್ಚಿಕೊಂಡಿದ್ದಾರೆ, ಸಾಮಾನ್ಯರು ದುಡ್ಡು ಮಾಡಿ ಮೆರೆಯುತ್ತಿದ್ದಾರೆ ಅಂತ ದೊಡ್ಡವರ ಗೊಣಗಾಟ. ಸೋತು ಮಾಯವಾದ ಜನ ಹೀಗೆ ಜಗಳಾಡುತ್ತಾರಾ?

ಲಿಯೆನ್ಸೊ ಎಂಬ ಬಟ್ಟೆಯ ಮೇಲಿನ ಚಿತ್ರಗಳನ್ನೂ ನೋಡು. ಕೊರ್ಟೆಸ್‌ಗೆ ತಾವು ಮಾಡಿದ ಸಹಾಯವನ್ನು ರಾಜನಿಗೆ ತೋರಿಸಿ ಹಕ್ಕು ಕೇಳಲೆಂದೇ ಅದನ್ನು ಬರೆಸಿದ್ದು. ಅದಕ್ಕೇ ಹೇಳುತ್ತೇನೆ, ಅದರಲ್ಲಿ ಏನನ್ನು ಬಿಟ್ಟಿದ್ದಾರೆ ಅಂತಲೂ ಹುಡುಕು.

1591ರಲ್ಲಿ ತ್ಲಾಸ್ಕಾಲಾದ ಸುಮಾರು 400 ಕುಟುಂಬಗಳು ಉತ್ತರದ ಗಡಿಗೆ ಹೊರಟವು. ಸಾಲ್ಟಿಲ್ಲೊ ಎಂಬ ಸ್ಪೇನಿನವರ ಊರಿನ ಪಕ್ಕದಲ್ಲಿ ತಮ್ಮದೇ ಊರು ಕಟ್ಟಿಕೊಂಡವರೂ ಅವರಲ್ಲಿದ್ದರು. ಮುಂದಿನ ಕರಡಿನಲ್ಲಿ ಅಲ್ಲಿಯವರೆಗೂ ಹೋಗು. ಬರೆದ ಮೇಲೆ ಕಳಿಸು, ಕಾಯುತ್ತಿರುತ್ತೇನೆ.

ನಿನ್ನ ಅಕ್ಕ