ಕ್ರೂಜ್ ಮಂಡಿ ಕಲಿಸುವ ಪಾಠ

ಮಾನ್ಯ ಸಂಪಾದಕರೇ,

2011ರ ಅಕ್ಟೋಬರ್‌ನಲ್ಲಿ ಡಿಮಿಟ್ರಿಯಸ್ ಜಾನ್ಸನ್‌ರನ್ನು ಮಣಿಸಿದಾಗ ಮಿಶ್ರ ಸಮರ ಕಲೆಯ (ಎಂಎಂಎ) ಪಂದ್ಯ ನಡೆಸುವ ಯುಎಫ್‌ಸಿ ಸಂಸ್ಥೆಯ ಬ್ಯಾಂಟಮ್‌ವೇಟ್ ತೂಕ ವಿಭಾಗದ ಚಾಂಪಿಯನ್ ಡೊಮಿನಿಕ್ ಕ್ರೂಜ್‌ಗೆ 26 ವರ್ಷ. ಮರುವರ್ಷ ಮಂಡಿಯ ಎಸಿಎಲ್, ಅಂದರೆ ಮೂಳೆಗಳನ್ನು ಹಿಡಿದಿಡುವ ಅಸ್ಥಿರಜ್ಜು, ಹರಿಯಿತು. ಮೃತದಾನಿಯಿಂದ ಪಡೆದು ಜೋಡಿಸಿದ ಕಸಿಯನ್ನು ದೇಹ ಒಪ್ಪಲಿಲ್ಲ, ಮತ್ತೆ ಶಸ್ತ್ರಚಿಕಿತ್ಸೆ. ನಂತರ ತೊಡೆಸಂದಿನ ಗಾಯ, ಪಟ್ಟವೂ ಹೋಯಿತು. 2014ರ ಸೆಪ್ಟೆಂಬರ್‌ನಲ್ಲಿ ಮರಳಿ ಬಂದು 61 ಸೆಕೆಂಡಿನಲ್ಲಿ ಗೆದ್ದರು; ವರ್ಷಾಂತ್ಯದೊಳಗೆ ಇನ್ನೊಂದು ಮಂಡಿಯೂ ಹೋಯಿತು. ಆದರೂ 2016ರ ಜನವರಿಯಲ್ಲಿ ಟಿ.ಜೆ. ಡಿಲಾಶಾರಿಂದ ಪಟ್ಟ ಕಿತ್ತುಕೊಂಡರು! ನಾಲ್ಕು ವರ್ಷಕ್ಕೂ ಮಿಕ್ಕ ಆ ಅವಧಿಯಲ್ಲಿ ಆಡಿದ್ದು ಒಂದೇ ಪಂದ್ಯ. ಮಂಡಿ ಗಟ್ಟಿಯಿದ್ದಿದ್ದರೆ ಆ ತೂಕದ ಸಾರ್ವಕಾಲಿಕ ಶ್ರೇಷ್ಠ ಯಾರೆಂಬ ಚರ್ಚೆಯೇ ಇರುತ್ತಿರಲಿಲ್ಲ ಎಂಬುದು ನನ್ನ ದೃಢ ನಂಬಿಕೆ.

ಬೆಂಗಳೂರಿನ ಜಿಮ್‌ಗಳಲ್ಲಿ ಈ ಸಮರ ಕಲೆ ಕಲಿಯುತ್ತಿರುವ ಹುಡುಗ ಹುಡುಗಿಯರ ತರಬೇತುದಾರರು ಇದನ್ನು ಗಮನಿಸಬೇಕು. ಪಾದ ಮ್ಯಾಟಿನ ಸಂದಿಗೆ ಸಿಕ್ಕಿ ದೇಹ ಮಾತ್ರ ತಿರುಗಿದರೆ ಎಸಿಎಲ್ ಹರಿಯಬಹುದು. ಸಂದಿಗಳನ್ನು ದಿನವೂ ಟೇಪ್ ಹಾಕಿ ಮುಚ್ಚಿ. ಶಸ್ತ್ರಚಿಕಿತ್ಸೆಯ ನಂತರ ನೋವು ಹೋಯಿತೆಂದು ಆರನೇ ತಿಂಗಳಿಗೇ ಸ್ಪಾರಿಂಗ್‌ಗೆ (ಅಭ್ಯಾಸದ ಕಾಳಗಕ್ಕೆ) ಇಳಿಸಬೇಡಿ, ಕಸಿ ಆಗಿನ್ನೂ ಪಕ್ವವಾಗಿರುವುದಿಲ್ಲ. ಕನಿಷ್ಠ 9 ತಿಂಗಳು ಕಾಯಿರಿ. ಒಂಟಿ ಕಾಲಿನ ಜಿಗಿತದಲ್ಲೂ ತೊಡೆಯ ಬಲದಲ್ಲೂ ಶಸ್ತ್ರಚಿಕಿತ್ಸೆಯಾದ ಕಾಲು ಇನ್ನೊಂದರ ಶೇ 90ನ್ನು ಮುಟ್ಟಿರಲೇಬೇಕು.

– ಓದುಗ, ಜಯನಗರ, ಬೆಂಗಳೂರು