ಕೆನಡಾ ಖಾಲಿ ಬಿದ್ದಿದ್ದ ನಾಡಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಕೆನಡಾ ಪ್ರವಾಸದ ಬರಹ ಓದಿದೆ. ನಯಾಗರಾ ಬಗ್ಗೆ ಚೆನ್ನಾಗಿ ಬರೆದಿದ್ದಾರೆ. ಆದರೆ ನಡುವೆ ಒಂದು ಸಾಲು ಬರುತ್ತದೆ. ಬಿಳಿಯರು ಬರುವ ಮುಂಚೆ ಇದು ಖಾಲಿ ಬಿದ್ದಿದ್ದ ನಾಡು, ಅಲ್ಲಲ್ಲಿ ಒಂದಷ್ಟು ರೆಡ್ ಇಂಡಿಯನ್ನರು ಬೇಟೆಯಾಡಿಕೊಂಡಿದ್ದರು ಅಂತ. ಆ ಸಾಲಿಗಾಗಿಯೇ ಈ ಪತ್ರ.

ನಾನು ಹದಿನಾಲ್ಕು ವರ್ಷದಿಂದ ಟೊರಾಂಟೊ ಪಕ್ಕದ ಮಿಸ್ಸಿಸಾಗಾದಲ್ಲಿದ್ದೇನೆ. ಊರಿನ ಹೆಸರೇ ಇಲ್ಲಿದ್ದ ಜನರ ಹೆಸರು. ಕೆನಡಾ ಅನ್ನುವುದೂ ಮೂಲನಿವಾಸಿಗಳ ಮಾತಿನಿಂದಲೇ ಬಂದದ್ದು. ಕನಾಟಾ ಅಂದರೆ ಹಳ್ಳಿ, ಊರು. ಕನ್ನಡ-ಕೆನಡಾ ಅಂತ ಪ್ರಾಸ ಕಟ್ಟಿ ನಗುವ ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ಜನರೇ ಇಲ್ಲದ ಜಾಗಕ್ಕೆ ಊರು ಅಂತ ಯಾರಾದರೂ ಹೆಸರಿಡುತ್ತಾರಾ?

ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಕ್ರೆಡಿಟ್ ನದಿ ಇದೆ. ಹಿಂದೆ ಬಿಳಿ ವ್ಯಾಪಾರಿಗಳು ಈ ದಂಡೆಯಲ್ಲಿ ಮಿಸ್ಸಿಸಾಗಾ ಜನರಿಗೆ ಸಾಮಾನು ಉದ್ದರಿ ಕೊಡುತ್ತಿದ್ದರು. ಅವರು ಮುಂದಿನ ವರ್ಷ ಪ್ರಾಣಿಗಳ ಚರ್ಮ ತಂದುಕೊಟ್ಟು ಸಾಲ ತೀರಿಸುತ್ತಿದ್ದರು. ಅದಕ್ಕೇ ಆ ಹೆಸರು. ಉದ್ದರಿ ಹೊಳೆ ಅನ್ನಿ. ಚರ್ಮದ ಲೆಕ್ಕ ಇಷ್ಟು ಸರಿಯಾಗಿತ್ತು, ನೆಲದ ಲೆಕ್ಕ ಹಾಗಿರಲಿಲ್ಲ. 1787ರಲ್ಲಿ ಟೊರಾಂಟೊ ಜಾಗ ಕೊಂಡುಕೊಂಡಿದ್ದೇವೆ ಅಂದ ಬ್ರಿಟಿಷರ ಹತ್ತಿರ ಇದ್ದ ಕ್ರಯಪತ್ರದಲ್ಲಿ ಜಾಗದ ವಿವರವನ್ನೇ ಬರೆದಿರಲಿಲ್ಲ. ಖಾಲಿ ಇದ್ದದ್ದು ಆ ಕಾಗದ ಮಾತ್ರ! 1805ರಲ್ಲಿ ಅದನ್ನು ಸರಿಮಾಡಿಕೊಳ್ಳಲು ಮತ್ತೆ ಗುರುತು ಹಾಕಿಸಿಕೊಂಡರು. ಎರಡೂವರೆ ಲಕ್ಷ ಎಕರೆ. ಆ ಸಲ ಕೊಟ್ಟಿದ್ದು 10 ಶಿಲ್ಲಿಂಗ್. 1847ರಲ್ಲಿ ಆ ಜನ ಈ ಹೊಳೆ ಬಿಟ್ಟೇ ಹೋದರು. ಈಗ ಅವರ ನೆಲೆ ಹೇಗರ್ಸ್‌ವಿಲ್ ಹತ್ತಿರ ಇದೆ. ಈ ಹಳೇ ತಕರಾರಿಗೆ ಸರ್ಕಾರ 14.5 ಕೋಟಿ ಡಾಲರ್ ಕೊಟ್ಟು ಇತ್ಯರ್ಥ ಮಾಡಿದ್ದು 2010ರಲ್ಲಿ.

ಇಲ್ಲಿಂದ ಒಂದು ಗಂಟೆ ದಾರಿಯಲ್ಲಿ ಬ್ರಾಂಟ್‌ಫರ್ಡ್ ಅನ್ನುವ ಊರು. ಅಲ್ಲಿ ಮೊಹಾಕ್ ಇನ್‌ಸ್ಟಿಟ್ಯೂಟ್ ಅಂತ ಒಂದು ವಸತಿ ಶಾಲೆ ಇತ್ತು. ಆಂಗ್ಲಿಕನ್ ಚರ್ಚಿನವರು ಬಹಳ ಕಾಲ ನಡೆಸಿದ್ದು, 1970ರಲ್ಲಿ ಮುಚ್ಚಿತು. ಅಲ್ಲಿ ಓದಿದವರು ಅದನ್ನು 'ಮಷ್ ಹೋಲ್' ಅನ್ನುತ್ತಾರೆ, ಗಂಜಿ ಗುಂಡಿ ಅಂತ. ಹೊತ್ತು ಹೊತ್ತಿಗೂ ಅದೇ ಓಟ್ಸ್ ಗಂಜಿ ಹಾಕುತ್ತಿದ್ದರಂತೆ. ನಾನು ಮಗಳನ್ನು ಕರೆದುಕೊಂಡು ನೋಡಲು ಹೋಗಿದ್ದೆ. ಕಟ್ಟಡದ ಹಿಂದಿನ ಗೋಡೆಯ ಇಟ್ಟಿಗೆಗಳ ಮೇಲೆ ಮಕ್ಕಳು ಗೀಚಿದ ಹೆಸರುಗಳಿವೆ. ಮಗಳು ಒಂದೊಂದರ ಮೇಲೂ ಬೆರಳಾಡಿಸುತ್ತಾ ನಿಂತುಬಿಟ್ಟಳು.

ಇಂಥ ಶಾಲೆಗಳು ದೇಶದಲ್ಲಿ ನೂರಕ್ಕೂ ಜಾಸ್ತಿ ಇದ್ದವು. ಸುಮಾರು 1,50,000 ಮಕ್ಕಳನ್ನು ಮನೆಯಿಂದ ತಂದು ಅಲ್ಲಿ ಇಟ್ಟರು. ಸತ್ತವರೆಂದು ದಾಖಲೆಯಲ್ಲಿ ಸಿಕ್ಕವರೇ 4,100ಕ್ಕೂ ಹೆಚ್ಚು. ಕೂದಲು ಕತ್ತರಿಸುವುದು, ಹೊಸ ಹೆಸರಿಡುವುದು, ತಾಯಿನುಡಿ ಆಡಿದರೆ ಹೊಡೆಯುವುದು. ನಾನು ಓದಿದ ಶಾಲೆಯಲ್ಲೂ ಕನ್ನಡ ಮಾತಾಡಿದರೆ ದಂಡ ಇತ್ತು. ಐದು ರೂಪಾಯಿ. ಆದರೆ ಸಂಜೆ ಮನೆಗೆ ಹೋದರೆ ಅಜ್ಜಿ ಕನ್ನಡದಲ್ಲೇ ಬೈದು ಕನ್ನಡದಲ್ಲೇ ಊಟಕ್ಕೆ ಕರೆಯುತ್ತಿದ್ದರು. ಈ ಮಕ್ಕಳಿಗೆ ಸಂಜೆ ಹೋಗಲು ಮನೆ ಇರಲಿಲ್ಲ.

ಇದನ್ನೆಲ್ಲ ಹೇಳಿದಾಗ ನಮ್ಮ ಕೆಲವು ಗೆಳೆಯರು "ನೋಡಿದ್ರಾ, ಚರ್ಚಿನವರು ಮಾಡೋದೇ ಇದು" ಅಂತ ಶುರು ಮಾಡುತ್ತಾರೆ. ಸುಮ್ನೆ ನಮ್ಮೂರಿನ ಜಗಳಕ್ಕೆ ಇಲ್ಲಿಂದ ಕಲ್ಲು ಹೆಕ್ಕುವ ಕೆಲಸ ಅದು. ಶಾಲೆ ನಡೆಸಿದ್ದು ಚರ್ಚು ನಿಜ, ಅರ್ಧಕ್ಕಿಂತ ಹೆಚ್ಚು ಕ್ಯಾಥೊಲಿಕ್ ಚರ್ಚಿನವೇ. ಆದರೆ ಹಣವೂ ಕಾನೂನೂ ಸರ್ಕಾರದ್ದು. ಇಲ್ಲಿನ ಮೂಲನಿವಾಸಿಗಳಲ್ಲಿ ಕ್ರಿಶ್ಚಿಯನ್ನರೂ ಬೇಕಾದಷ್ಟು ಜನ ಇದ್ದಾರೆ. ಚರ್ಚುಗಳು ಒಂದೊಂದಾಗಿ ಕ್ಷಮೆ ಕೇಳಿವೆ. ಯುನೈಟೆಡ್ ಚರ್ಚ್ 1986ರಲ್ಲಿ ಒಮ್ಮೆ, ವಸತಿ ಶಾಲೆಗಳಿಗಾಗಿಯೇ 1998ರಲ್ಲಿ ಮತ್ತೊಮ್ಮೆ. ಆಂಗ್ಲಿಕನ್ನರು 1993ರಲ್ಲಿ. ಪೋಪ್ ಫ್ರಾನ್ಸಿಸ್ ಆಲ್ಬರ್ಟಾದ ಮಾಸ್ಕ್‌ವಾಚೀಸ್‌ಗೆ ಬಂದು ಕೇಳಿದ್ದು 2022ರ ಜುಲೈನಲ್ಲಿ. ತಡವಾಯಿತು. ಕೇಳಿದ್ದಂತೂ ಹೌದು.

ನನಗೆ ಜಾಸ್ತಿ ಕಾಡುವುದು ನಮ್ಮದೇ ಲೆಕ್ಕ. ಇಲ್ಲಿ ಹೊರಗಿನಿಂದ ಬಂದು ನೆಲೆಸಿದವರನ್ನು 'ಸೆಟ್ಲರ್' ಅನ್ನುತ್ತಾರೆ. ಆ ಮಾತು ನಮಗೂ ಅನ್ವಯಿಸುತ್ತದೆ ಅಂದರೆ ನಮ್ಮವರಿಗೆ ಸಿಟ್ಟು. "ನಾವೇ ಬ್ರಿಟಿಷರ ಕೈಯಲ್ಲಿ ಒದೆ ತಿಂದವರು, ನಮ್ಮವರನ್ನು ಹೊತ್ತು ಬಂದ ಕೊಮಗಾಟ ಮಾರು ಹಡಗನ್ನು 1914ರಲ್ಲಿ ವಾಪಸ್ ಓಡಿಸಿದ್ದು ಮರೆತುಹೋಯಿತಾ?" ಅನ್ನುತ್ತಾರೆ. ಮರೆತಿಲ್ಲ. ಆದರೆ ಇನ್ನೊಂದು ಲೆಕ್ಕವೂ ಇದೆ. ಭಾರತದಿಂದ ಬಂದವರಿಗೆ ಇಲ್ಲಿ ವೋಟು ಸಿಕ್ಕಿದ್ದು 1947ರಲ್ಲಿ. ಇಂಡಿಯನ್ ಆ್ಯಕ್ಟ್ ಕೆಳಗೆ ಬರುವ ಮೂಲನಿವಾಸಿಗಳಿಗೆ ಆ ಕಾನೂನು ಕೊಡುವ ಸ್ಥಾನಮಾನ ಬಿಡದೆ ದೇಶದ ಚುನಾವಣೆಯಲ್ಲಿ ವೋಟು ಹಾಕುವ ಹಕ್ಕು ಬಂದಿದ್ದು 1960ರಲ್ಲಿ. (1876ರ ಆ ಕಾನೂನಿನ ಹೆಸರಲ್ಲಿ ಇಂಡಿಯನ್ ಅಂದರೆ ನಾವಲ್ಲ, ಅವರು.) ಪಶ್ಚಿಮ ಕರಾವಳಿಯ ಜನ ಪಾಟ್‌ಲ್ಯಾಚ್ ಅಂತ ಮಾಡುವ ಹಬ್ಬದೂಟ, ದಾನ, ಕುಣಿತಕ್ಕೆ 1885ರಿಂದ 1951ರವರೆಗೂ ನಿಷೇಧ ಇತ್ತು. ಮಾಡಿದವರನ್ನು ಜೈಲಿಗೆ ಹಾಕಿದರು. ನಾವು ಇಲ್ಲಿ ಬಂದು ಗುಡಿ ಕಟ್ಟಿದೆವು, ಗಣಪತಿ ಕೂರಿಸಿದೆವು, ಯಾರೂ ತಡೆಯಲಿಲ್ಲ. ಆಮೇಲೆ ಬಂದವರಿಗೆ ಬಾಗಿಲು ತೆರೆದೇ ಇತ್ತು.

ನಾನು 2022ರಲ್ಲಿ ಇಲ್ಲಿನ ಪೌರತ್ವ ತೆಗೆದುಕೊಂಡೆ. ಪ್ರಮಾಣವಚನದಲ್ಲಿ ಮೂಲನಿವಾಸಿಗಳ ಹಕ್ಕು, ಅವರ ಜೊತೆಗಿನ ಒಪ್ಪಂದಗಳ ಮಾತು ಬರುತ್ತದೆ. ನಮ್ಮ ಭಾವ 2009ರಲ್ಲಿ ಪ್ರಮಾಣ ಮಾಡಿದಾಗ ಅದು ಇರಲಿಲ್ಲ. ವಸತಿ ಶಾಲೆಗಳ ಬಗ್ಗೆ ವಿಚಾರಿಸಿದ, ನ್ಯಾಯಾಧೀಶ ಮರ್ರಿ ಸಿಂಕ್ಲೇರ್ ಅವರ ಅಧ್ಯಕ್ಷತೆಯ ಸತ್ಯ ಮತ್ತು ಸಾಮರಸ್ಯ ಆಯೋಗ 2015ರಲ್ಲಿ 94 ಶಿಫಾರಸು ಮಾಡಿತು. ಸಿಂಕ್ಲೇರ್ ಅವರೂ ಮೂಲನಿವಾಸಿಯೇ ಆಗಿದ್ದರು. ಪ್ರಮಾಣವಚನ ಬದಲಿಸಿ ಅನ್ನುವುದು ಆ ಶಿಫಾರಸುಗಳಲ್ಲಿ ಕೊನೆಯದು. 2021ರಲ್ಲಿ ಜಾರಿಗೆ ಬಂತು. ಅಂದರೆ ಆಯೋಗದ ಪಟ್ಟಿಯಲ್ಲಿ ನಮ್ಮಂಥವರ ಪಾಲಿನದೂ ಒಂದಿದೆ. ನಾನು ಕೈ ಎತ್ತಿ ಗಡಗಡ ಓದಿ ಮುಗಿಸಿದೆ. ಮನಸ್ಸೆಲ್ಲ ಪಾಸ್‌ಪೋರ್ಟ್ ಮೇಲಿತ್ತು, ಸುಳ್ಳು ಯಾಕೆ ಹೇಳಲಿ.

ಹಾಗಾಗಿ ನಿಮ್ಮ ಲೇಖಕರನ್ನು ಮಾತ್ರ ದೂರುವುದಿಲ್ಲ. ಒಂದು ಕೋರಿಕೆ. ನಿಮ್ಮ ಪುಟಗಳಲ್ಲಿ 'ರೆಡ್ ಇಂಡಿಯನ್' ಬಿಟ್ಟುಬಿಡಿ. ಫಸ್ಟ್ ನೇಷನ್ಸ್, ಉತ್ತರದ ಹಿಮನಾಡಿನ ಇನ್ಯುಯಿಟ್, ಮಿಶ್ರ ಮೂಲದ ಮೆಟಿ ಅನ್ನುವ ಹೆಸರುಗಳಿವೆ. ಯಾವ ಜನ ಅಂತ ಗೊತ್ತಿದ್ದರೆ ಅವರ ಹೆಸರನ್ನೇ ಬರೆಯಿರಿ.

ಇನ್ನೊಂದು, ನನಗೇ ಸಹಾಯ ಬೇಕು. ಇಲ್ಲಿ ಪ್ರತಿ ಸಭೆಯ ಮೊದಲು ಈ ನೆಲ ಯಾರದಾಗಿತ್ತು ಅಂತ ನಾಲ್ಕು ಸಾಲು ಓದುವ ರೂಢಿ ಇದೆ. ನಮ್ಮ ರಾಜ್ಯೋತ್ಸವದಲ್ಲೂ ದೀಪ ಹಚ್ಚುವ ಮುಂಚೆ ಯಾರೋ ಇಂಗ್ಲಿಷಿನಲ್ಲಿ ಓದುತ್ತಾರೆ, ಆಗ ಸಭೆ ಕಾಫಿ ಕುಡಿಯುತ್ತಿರುತ್ತದೆ. ಈ ನವೆಂಬರಿನಲ್ಲಿ ಅದನ್ನು ಕನ್ನಡದಲ್ಲಿ ಓದೋಣ ಅಂತ ಬರೆಯಲು ಕೂತೆ. 'ಸೆಟ್ಲರ್'ಗೆ ಬಂದಾಗ ಪೆನ್ನು ನಿಂತಿತು. ವಲಸಿಗ ಅಂದರೆ ಪಾಪ ಅನ್ನಿಸುತ್ತದೆ, ವಸಾಹತುಗಾರ ಅಂದರೆ ಇಂಗ್ಲಿಷರ ತಲೆಗೆ ಕಟ್ಟಿ ಕೈ ತೊಳೆದ ಹಾಗಾಗುತ್ತದೆ. ಸದ್ಯಕ್ಕೆ 'ಆಮೇಲೆ ಬಂದ ನಾವು' ಅಂತ ಬರೆದಿಟ್ಟಿದ್ದೇನೆ. ಓದುಗರಲ್ಲಿ ಯಾರಿಗಾದರೂ ಇದಕ್ಕಿಂತ ಒಳ್ಳೆಯ ಮಾತು ಹೊಳೆದರೆ ಈ ಅಂಕಣಕ್ಕೇ ಬರೆದು ತಿಳಿಸಲಿ. ಅಕ್ಟೋಬರ್ ಕೊನೆಯವರೆಗೂ ಸಮಯ ಇದೆ.

ನಿಮ್ಮ ಹಳೆಯ ಓದುಗ,
ಮಿಸ್ಸಿಸಾಗಾ, ಕೆನಡಾ