ವಿಷಯ: ತಪ್ಪು ಡಿಸ್ಕ್ ಪ್ಯಾಡ್ ಕೊಟ್ಟು, ಕೇಳಲು ಬಂದವನನ್ನು ಬದಿಗೆ ಸರಿಸಿದ ಬಗ್ಗೆ ದೂರು

ಧಾರವಾಡ
30 ಜೂನ್ 2025

ಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ಹುಬ್ಬಳ್ಳಿಯ ನಿಮ್ಮ ಬಿಡಿಭಾಗಗಳ ಮಳಿಗೆಯಲ್ಲಿ ಜೂನ್ 9ರಂದು ನನ್ನ ಬೈಕಿನ ಮುಂದಿನ ಬ್ರೇಕಿಗೆ ಡಿಸ್ಕ್ ಪ್ಯಾಡ್ ಕೊಂಡೆ. 340 ರೂಪಾಯಿ. ಬಿಲ್ಲಿನ ಪ್ರತಿ ಜೊತೆಗಿದೆ. ಆಮೇಲೆ ನಿಮ್ಮ ಸಹಾಯವಾಣಿಗೆ ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕೂ ಸಲ ಸಮಾಧಾನದಿಂದಲೇ ಮಾತಾಡಿದೆ. ನಾವೇ ಫೋನ್ ಮಾಡುತ್ತೇವೆ ಅಂದರು. ಒಂದು ಸಲವೂ ಮಾಡಲಿಲ್ಲ. ಅದಕ್ಕೇ ಈ ಪತ್ರ.

ನನ್ನದು 2007ರ 150 ಸಿಸಿ ಗಾಡಿ. ಅದೇ ಹೆಸರಿನ ಗಾಡಿ ಮುಂದೆಯೂ ಬಹಳ ವರ್ಷ ಬಂತು, ಆದರೆ ನಡುವೆ ಕ್ಯಾಲಿಪರ್, ಅಂದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ, ಬದಲಾಯಿತು. ಹಾಗಾಗಿ ಹೆಸರು ಕೇಳಿ ಪ್ಯಾಡ್ ಕೊಡಲು ಬರುವುದಿಲ್ಲ. ಇದು ನಿಮಗೆ ಗೊತ್ತಿಲ್ಲದ ವಿಷಯವಲ್ಲ. ‘ಆರ್‌ಸಿ ತೋರಿಸಿ, ಚಾಸಿಸ್ ನಂಬರ್ ಹೇಳಿ ಬಿಡಿಭಾಗ ಪಡೆಯಿರಿ’ ಅಂತ ನಿಮ್ಮ ಕೌಂಟರಿನ ಹಿಂದೆಯೇ ಬೋರ್ಡ್ ತೂಗುಹಾಕಿದ್ದೀರಿ. ನಾನು ಆರ್‌ಸಿ ಒಯ್ದಿದ್ದೆ. ಹಳೆಯ ಎರಡೂ ಪ್ಯಾಡುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿದ್ದೆ. ಯಾರೂ ಯಾವುದನ್ನೂ ನೋಡಲಿಲ್ಲ. ಹುಡುಗ ಗಾಡಿಯ ಹೆಸರು ಕೇಳಿದ, ಪ್ಯಾಕೆಟ್ ತಂದಿಟ್ಟ.

ಮಾಳಮಡ್ಡಿಯ ಗ್ಯಾರೇಜಿನಲ್ಲಿ ಹಾಕಿಸುವಾಗಲೇ ಮೆಕ್ಯಾನಿಕ್ ‘ಸರ, ಭಾಳ ಬಿಗಿ ಆಗೈತ್ರಿ’ ಅಂದ. ಅಲ್ಲಿಂದಲೇ ಮಳಿಗೆಗೆ ಫೋನ್ ಹಚ್ಚಿದೆ. ‘ಹೊಸಾದು ಹಂಗ ಇರ್ತದ್ರೀ. ನಾಕ್ ದಿನ ಓಡಸ್ರಿ, ಸೆಟ್ ಆಗ್ತದ’ ಅಂತ ಉತ್ತರ ಬಂತು. ನಿಮ್ಮವರ ಮಾತು ನಂಬಿ ಓಡಿಸಿದೆ.

ಜೂನ್ 13ರ ಬೆಳಿಗ್ಗೆ ಮಗಳನ್ನು ಹಿಂದೆ ಕೂಡಿಸಿಕೊಂಡು ಹುಬ್ಬಳ್ಳಿಗೆ ಹೊರಟಿದ್ದೆ. ಜಿಟಿಜಿಟಿ ಮಳೆ. ನವನಗರ ದಾಟುವಾಗ ಗಾಡಿ ಜಗ್ಗಿದಂತೆ ಅನಿಸಿತು. ಉಣಕಲ್ ಹತ್ತಿರ ಮುಂದಿನ ಬಸ್ಸು ನಿಂತಿತು. ಬ್ರೇಕ್ ಹಿಡಿದೆ. ಲಿವರ್ ಮೆತ್ತಗೆ ಹ್ಯಾಂಡಲ್‌ವರೆಗೂ ಬಂದುಬಿಟ್ಟಿತು! ಹಿಂದಿನ ಬ್ರೇಕ್ ತುಳಿದು, ಗೇರ್ ಇಳಿಸಿ, ಬಸ್ಸಿನ ಬೆನ್ನಿಗೆ ಮೊಳದಷ್ಟು ದೂರದಲ್ಲಿ ನಿಂತೆ. ಮಗಳು ನನ್ನ ಅಂಗಿ ಹಿಡಿದ ಕೈ ಬಿಡಲೇ ಇಲ್ಲ. ಬಗ್ಗಿ ನೋಡಿದರೆ ಡಿಸ್ಕಿನ ಮೇಲೆ ಬಿದ್ದ ಮಳೆಹನಿ ಚುರ್ ಅನ್ನುತ್ತಿತ್ತು. ಡಿಸ್ಕು ಅಲ್ಲಲ್ಲಿ ನೀಲಿಗಟ್ಟಿತ್ತು.

ಸಂಜೆ ಬಿಚ್ಚಿದಾಗ ಕಾರಣ ಗೊತ್ತಾಯಿತು. ಹೊಸ ಪ್ಯಾಡಿನ ಹಿಂದಿನ ತಗಡು ಹಳೆಯದಕ್ಕಿಂತ ಅಗಲ. ಪಿನ್ ಕೂಡುವ ತೂತೂ ಒಂದು ಕೂದಲು ಆಚೆ. ಹಾಗಾಗಿ ಬ್ರೇಕ್ ಬಿಟ್ಟರೂ ಪ್ಯಾಡ್ ಹಿಂದೆ ಸರಿಯದೆ ಡಿಸ್ಕಿಗೆ ಉಜ್ಜುತ್ತಲೇ ಇತ್ತು. ಆ ಕಾವಿಗೆ ಬ್ರೇಕ್ ಆಯಿಲ್ ಕುದಿದಿದೆ. ಕುದ್ದ ಆಯಿಲ್‌ನಲ್ಲಿ ಆವಿಯ ಗುಳ್ಳೆ ಎದ್ದರೆ ಲಿವರ್ ಹಿಡಿದ ಒತ್ತಡ ಪ್ಯಾಡಿಗೆ ಮುಟ್ಟುವುದಿಲ್ಲ.

ಈಗ ಜೂನ್ 14ರ ಮಾತು. ಬೆಳಿಗ್ಗೆ 11 ಗಂಟೆ ಹತ್ತು ನಿಮಿಷಕ್ಕೆ ನಿಮ್ಮ ಮಳಿಗೆಯಲ್ಲಿದ್ದೆ. ಕೌಂಟರ್ ಮುಂದೆ ಐದು ಮಂದಿ. ಮ್ಯಾನೇಜರ್ ಬಶಿಗೆ ಚಹಾ ಹುಯ್ದುಕೊಂಡು ಕುಡಿಯುತ್ತಿದ್ದರು. ಅವರು ಮುಗಿಸುವವರೆಗೂ ಕಾದೆ. ಹಳೆಯದು, ಹೊಸದು ಎರಡನ್ನೂ ಗಾಜಿನ ಮೇಲೆ ಇಟ್ಟೆ.

‘ಇವನ್ನ ಒಂದರ ಮ್ಯಾಲೊಂದು ಇಟ್ಟು ನೋಡ್ರಿ’ ಅಂದೆ.

ಅವರು ಕೈಯಲ್ಲಿ ಮುಟ್ಟಲಿಲ್ಲ. ‘ಕಾಕಾ, ಗಾಡಿ ಹದಿನೆಂಟ್ ವರ್ಷದ್ದು. ಗುಜರಿಗೆ ಹಾಕೂದು ಬಿಟ್ಟು ಪ್ಯಾಡ್ ಹುಡಕಾಕ್ಹತ್ತೀರಿ?’

ಪಕ್ಕದಲ್ಲಿದ್ದ ಇಬ್ಬರು ನಕ್ಕರು. ನಾನು ಬಿಡಲಿಲ್ಲ. ಹಳೆಯ ಪ್ಯಾಡಿನ ಬೆನ್ನು ತೋರಿಸಿದೆ. ಅಲ್ಲಿ ‘ಎಫ್‌ಎಫ್’ ಅಂತ ಎರಡು ಅಕ್ಷರ ಇವೆ. ಪ್ಯಾಡ್ ತಣ್ಣಗಿದ್ದಾಗ ಎಷ್ಟು ಹಿಡಿಯುತ್ತದೆ ಅನ್ನುವುದಕ್ಕೆ ಮೊದಲ ಅಕ್ಷರ, ಕಾದಾಗಿನದಕ್ಕೆ ಎರಡನೆಯದು. ‘ಎಫ್’ ಅಂದರೆ ಘರ್ಷಣೆಯ ಅಳತೆ 0.35ರಿಂದ 0.45. ನೀವು ಕೊಟ್ಟ ಪ್ಯಾಡಿನ ಬೆನ್ನು ಬೋಳು. ಒಂದು ಅಕ್ಷರವೂ ಇಲ್ಲ. ಇದನ್ನೇ ಹೇಳಿದೆ.

‘ನೀವೇನ್ ಇಂಜಿನಿಯರ್ ಏನ್ರೀ?’

‘ಅಲ್ಲರೀ. ಈ ಗಾಡಿ ಹದಿನೆಂಟ್ ವರ್ಷ ಓಡಿಸೀನಿ.’

‘ಬಿಲ್ ಕೆಳಗ ಓದ್ರಿ. ಮಾರಿದ ಮಾಲು ವಾಪಸ್ ಇಲ್ಲ. ಕಾಕಾ, ಸ್ವಲ್ಪ ಬಾಜೂ ಸರೀರಿ, ಗಿರಾಕಿ ನಿಂತಾರ.’

ಬಾಜೂ ಸರಿದೆ. ಹಾಗಾದರೆ ನಾನು ಯಾರು ಅಂತ ಅಲ್ಲೇ ಕೇಳಬೇಕಿತ್ತು. ಬಾಯಿ ಬರಲಿಲ್ಲ. ಸುಮ್ನೆ ಪ್ಯಾಡುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಗೆ ಬಂದೆ. ಮೆಟ್ಟಿಲ ಹತ್ತಿರ ಕೈ ನಡುಗುತ್ತಿತ್ತು. ಹಿಂದಿನ ದಿನ ಬಸ್ಸಿನ ಹಿಂದೆ ನಿಂತಾಗಲೂ ಇಷ್ಟು ನಡುಗಿರಲಿಲ್ಲ.

ನನ್ನ ಗಾಡಿ ಗುಜರಿಯಲ್ಲ. ಹದಿನೈದು ವರ್ಷ ತುಂಬಿದಾಗ, 2022ರಲ್ಲಿ, ಆರ್‌ಟಿಓ ತಪಾಸಣೆ ಮಾಡಿಸಿ ಐದು ವರ್ಷಕ್ಕೆ ನೋಂದಣಿ ನವೀಕರಿಸಿದ್ದೇನೆ. ಹಳೆಯ ಗಾಡಿಗೆ ಪ್ಯಾಡ್ ಇಲ್ಲದಿದ್ದರೆ ‘ಇಲ್ಲ’ ಅನ್ನಿ, ಬೇರೆ ಕಡೆ ಹುಡುಕುತ್ತೇನೆ. ಇಲ್ಲದ್ದನ್ನು ಇದೆ ಅಂತ ಕೊಡಬೇಡಿ. ಇದು ಕನ್ನಡಿಯೋ ಸೀಟ್ ಕವರೋ ಅಲ್ಲ. ಬ್ರೇಕು. ಎರಡು ಪ್ಯಾಡನ್ನು ಜೋಡಿಸಿ ನೋಡಲು ಅರ್ಧ ನಿಮಿಷವೂ ಬೇಡ, ಅಲ್ವಾ?

ಬಿಲ್ಲಿನ ಆ ಸಾಲಿನ ಬಗ್ಗೆಯೂ ಹೇಳುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ದೋಷವಿರುವ ಮಾಲನ್ನು ವಾಪಸ್ ಪಡೆದು ಹಣ ಕೊಡಲು ಒಪ್ಪದಿರುವುದನ್ನು ಅನುಚಿತ ವ್ಯಾಪಾರ ಎಂದೇ ಬರೆದಿದ್ದಾರೆ. ಬಿಲ್ಲಿನಲ್ಲಿ ಅವಧಿ ಹೇಳದಿದ್ದರೆ 30 ದಿನ. ನಾನು ಬಂದದ್ದು ಐದನೇ ದಿನಕ್ಕೆ.

ಪ್ಯಾಡಿನ ಹಣ, ಹಾಳಾದ ಡಿಸ್ಕಿನ ಖರ್ಚು, ಮತ್ತು ಆ ಮ್ಯಾನೇಜರ್ ಸಹಿ ಹಾಕಿದ ಕ್ಷಮಾಪಣೆ ಪತ್ರ 15 ದಿನದೊಳಗೆ ಬರಬೇಕು. ಇಲ್ಲದಿದ್ದರೆ ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಐದು ಲಕ್ಷದೊಳಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಈಗಾಗಲೇ ಫೋನ್ ಮಾಡಿದ್ದೇನೆ. ಮೆಕ್ಯಾನಿಕ್ ಸಾಕ್ಷಿ ಹೇಳಲು ಒಪ್ಪಿದ್ದಾನೆ.

ಪ್ಯಾಡುಗಳನ್ನು ನೋಡಬೇಕು, ಕಳಿಸಿ ಅಂತ ಕೇಳಬೇಡಿ. ನಾಲ್ಕನ್ನೂ ಅದೇ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಇನ್ನು ಬಿಚ್ಚುವುದು ಆಯೋಗದ ಮುಂದೆಯೇ.

ಇಂತಿ,
ನಿಮ್ಮ ಮಳಿಗೆಯ ಗಿರಾಕಿ
ಮಾಳಮಡ್ಡಿ, ಧಾರವಾಡ